ಯಾಕಂದ್ರ ಅಕ್ಕೋರು

ಅಕ್ಕೋರ ಬಲಗೈ ತೋರುಬೆರಳಿಗೆ ಉಗುರು ಇರಲಿಲ್ಲ. ಮೇಲಿನ ಗೆಣ್ಣಿಗೇ ಬೆರಳು ಮುಗಿದುಹೋಗಿತ್ತು. ತುದಿ ದುಂಡಗೆ, ನುಣ್ಣಗೆ ಹೊಳೆಯುತ್ತಿತ್ತು. ಸೀಮೆಸುಣ್ಣವನ್ನು ಅವರು ಹೆಬ್ಬೆರಳು ನಡುಬೆರಳಿನ ನಡುವೆ ಹಿಡಿದು ಬರೆಯುತ್ತಿದ್ದರು. ಆ ಮೊಂಡು ಬೆರಳು ಹಲಗೆಯ ಮೇಲೆ ಅಕ್ಷರಗಳ ಬೆನ್ನಿಗೇ ಸವರಿಕೊಂಡು ಹೋಗುತ್ತಿತ್ತು, ಬರೆದದ್ದು ಸರಿಯಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿದ ಹಾಗೆ.

ಒಂದನೇ ತರಗತಿಗೆ ಹೊಸದಾಗಿ ಬಂದ ಮಕ್ಕಳು ಮೊದಲು ಕೇಳುತ್ತಿದ್ದುದು ಅದನ್ನೇ. ಅಕ್ಕೋರು ಮುಚ್ಚಿಡುತ್ತಿರಲಿಲ್ಲ, ಮುಟ್ಟಲಿಕ್ಕೆ ಕೊಡುತ್ತಿದ್ದರು. ಹುಕ್ಕೇರಿಯ ಅವರ ತವರಿನಲ್ಲಿ ದನಗಳಿಗೆ ಕಣಿಕೆ ಕತ್ತರಿಸುವ ಯಂತ್ರವಿತ್ತಂತೆ.

"ಮುಟ್ಟಬ್ಯಾಡ ಅಂದ್ರು. ಯಾಕ ಅಂತ ಕೇಳಿದ್ನಿ. ಮುಟ್ಟಬ್ಯಾಡ ಅಂದ್ರ ಮುಟ್ಟಬ್ಯಾಡ ಅಂದ್ರು. ದೊಡ್ಡವರು ಹೇಳಲಿಲ್ಲ, ಮಷೀನ ಹೇಳ್ತು" ಎಂದು ನಗುತ್ತಿದ್ದರು. ಮಕ್ಕಳು ನಗುತ್ತಿರಲಿಲ್ಲ.

ನಮ್ಮದು ಗೋಕಾಕದಿಂದ ಮೂಡಲಗಿ ಕಡೆ ಹೋಗುವ ರಸ್ತೆಯ ಬದಿಯ ಊರು. ಶಾಲೆ ರಸ್ತೆಗೆ ಹತ್ತಿಕೊಂಡೇ ಇದೆ. ನಾನು ಮ್ಯಾಟ್ರಿಕ್ ತನಕ ಓದಿ, ಮೂವತ್ತು ವರ್ಷ ಕಬ್ಬಿನ ಟ್ರ್ಯಾಕ್ಟರ್ ಓಡಿಸಿದವನು. ಅಕ್ಕೋರು ನನಗಿಂತ ಎಂಟು ಹತ್ತು ವರ್ಷ ಹಿರಿಯರು. ನನ್ನ ಇಬ್ಬರು ಮಕ್ಕಳಿಗೂ ಅಕ್ಷರ ಕಲಿಸಿದರು. ಊರಲ್ಲಿ ಅವರ ಹೆಸರು ಹೇಳುವವರು ಕಡಿಮೆ, ಎಲ್ಲರಿಗೂ ಅವರು ಯಾಕಂದ್ರ ಅಕ್ಕೋರು.

ಆ ಹೆಸರು ಬಂದದ್ದು ಶಾಲೆಯ ಗೋಡೆಯಿಂದ. ಬೇರೆ ಶಾಲೆಗಳ ಗೋಡೆಯ ಮೇಲೆ ಅದನ್ನು ಮಾಡಬೇಡಿ, ಇದನ್ನು ಮಾಡಬೇಡಿ ಎಂದಷ್ಟೇ ಇರುತ್ತದೆ. ಅಕ್ಕೋರ ಗೋಡೆಯ ಮೇಲೆ ಪ್ರತಿ ಸಾಲಿನ ಕೆಳಗೂ ಇನ್ನೊಂದು ಸಾಲು ಇರುತ್ತಿತ್ತು, ಯಾಕಂದ್ರ ಎಂದು ಸುರುವಾಗುವಂಥದ್ದು. ಊಟದ ಸಾಲಿನಲ್ಲಿ ದೂಡಬೇಡಿ, ಯಾಕಂದ್ರ ನೀವು ದೂಡಿದ್ದು ಮುಂದಿನವರ ಕೈ ಸುಡುತ್ತದೆ. ಬಾವಿಯ ಪಾವಟಿಗೆ ಇಳಿಯಬೇಡಿ, ಯಾಕಂದ್ರ ನೀರಿನ ಕೆಳಗಿನ ಪಾಚಿ ಕಾಣುವುದಿಲ್ಲ. ಕಾರಣವನ್ನು ಮಕ್ಕಳೇ ಕಂಡುಹಿಡಿದು ಹೇಳುವ ತನಕ ಅವರು ಒಂದು ಸಾಲನ್ನೂ ಗೋಡೆಗೆ ಏರಿಸುತ್ತಿರಲಿಲ್ಲ. ಕರೆಂಟಿನ ವಿಷಯಕ್ಕೆ ಲೈನ್‌ಮನ್‌ನನ್ನು ಕರೆತಂದರು. ಬಾವಿಯ ವಿಷಯಕ್ಕೆ ಹೂಳು ತೆಗೆಯುವ ಮುದುಕನನ್ನು ಕರೆಸಿದರು. ಕಬ್ಬಿನ ವಿಷಯಕ್ಕೆ ನನ್ನನ್ನು ಕರೆದರು.

ಕಬ್ಬು ಕಡಿಯುವ ಹಂಗಾಮು ಸುರುವಾದರೆ ನಮ್ಮ ರಸ್ತೆಯಲ್ಲಿ ಬೆಳಗಿನಿಂದ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು. ಒಂದೊಂದರ ಹಿಂದೆ ಎರಡೆರಡು ಟ್ರೇಲರ್. ಮಕ್ಕಳು ಹಿಂದೆ ಓಡಿ ಬಂದು ಕಬ್ಬಿನ ಗಳ ಜಗ್ಗುತ್ತಾರೆ. ನಾವೂ ಸಣ್ಣವರಿದ್ದಾಗ ಎತ್ತಿನ ಗಾಡಿಯಿಂದ ಜಗ್ಗಿದವರೇ, ಹಾಗಾಗಿ ಯಾರೂ ಅದನ್ನು ದೊಡ್ಡ ತಪ್ಪೆಂದು ಎಣಿಸುತ್ತಿರಲಿಲ್ಲ.

"ತಮ್ಮಾ, ನಿನ್ನ ಟ್ರ್ಯಾಕ್ಟರ್ ಎರಡ ದಿನ, ದಿನಾ ಅರ್ಧಾ ತಾಸು ಬೇಕು ನನಗ" ಅಂದರು ಅಕ್ಕೋರು. "ತುಂಬಿದ್ದ ಬೇಕು, ಎರಡೂ ಟ್ರೇಲರ್ ಸಮೇತ."

"ಟ್ರ್ಯಾಕ್ಟರಿಗೆ ಅಕ್ಷರ ಕಲಸ್ತೀರೇನ್ರಿ ಅಕ್ಕೋರ?"

"ಅದಕ್ಕಲ್ಲೋ, ನಿನಗ ಕಲಸೂದು ಉಳದೈತಿ."

ಮೊದಲ ದಿನ ಹೋದೆ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನನ್ನ ಸೀಟಿನ ಮೇಲೆ ಕೂರಿಸಿದರು. ಉಳಿದವರನ್ನೆಲ್ಲ ಟ್ರೇಲರಿನ ಹಿಂದೆ ನಿಲ್ಲಿಸಿ, ಹಿಂದೆ ಎಷ್ಟು ಮಂದಿ ಇದ್ದಾರೆ ಎಣಿಸು ಎಂದು ಕೇಳಿದರು. ಹತ್ತಿದ ಪ್ರತಿಯೊಬ್ಬರೂ ತಿರುಗಿ ನೋಡಿದರು, ಕಬ್ಬಿನ ಗೋಡೆ ಬಿಟ್ಟರೆ ಏನೂ ಇಲ್ಲ. ಹಿಂದಿನಿಂದ ಇಡೀ ತರಗತಿ ಕೂಗುತ್ತಿದ್ದರೂ ಇಂಜಿನ್ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ಇಳಿದು ಬಂದ ಮಕ್ಕಳ ಮುಖ ಬೇರೆಯೇ ಆಗಿತ್ತು.

ಕೊನೆಗೆ ಹತ್ತಿದವಳು ಕುರಿ ಸಾಕುವವರ ಮನೆಯ ಹುಡುಗಿ, ಮೂರನೇ ತರಗತಿ. ಮುಂದಿನ ಹಲ್ಲು ಬಿದ್ದಿತ್ತು. ಸ್ಟಿಯರಿಂಗ್ ಹಿಡಿದುಕೊಂಡೇ ಗಾಡಿಯ ಪಕ್ಕಕ್ಕೆ ನೋಡಿ ಕೇಳಿದಳು. "ಕಾಕಾ, ಹಂಗಾರ ಬಾಜೂಕ ನಿಂತ್ರ ಕಾಣ್ತೇವಿಲ್ಲರಿ?"

"ಹೂಂ ಮತ್ತ. ಬಾಜೂಕ ನಿಂತ್ರ ಏನೂ ಆಗೂದಿಲ್ಲವಾ" ಅಂದೆ.

ಅಕ್ಕೋರು ಕೆಳಗಿನಿಂದಲೇ ಕೈ ಎತ್ತಿದರು. "ಪೂರಾ ಖರೆ ಅಲ್ಲ ಅದು. ಬಾಜೂಂದು ನಾಳಿನ ಪಾಠ."

ನಾಳಿನ ಪಾಠಕ್ಕೆ ಅವರು ಒಂದು ಕುಂಬಳಕಾಯಿ ತಂದಿಟ್ಟಿದ್ದರು. ತಿರುವಿನಲ್ಲಿ ಇಂಜಿನ್ನಿನ ಗಾಲಿ ಹೋದ ದಾರಿಯಲ್ಲೇ ಹಿಂದಿನ ಟ್ರೇಲರ್ ಹೋಗುವುದಿಲ್ಲ, ಒಳಕ್ಕೆ ಸರಿದು ಹೋಗುತ್ತದೆ. ಇದು ಪ್ರತಿ ಡ್ರೈವರಿಗೂ ಗೊತ್ತು. ಮೈದಾನದಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆಯುವುದು, ಮುಂದಿನ ಗಾಲಿ ಆ ಗೆರೆಯ ಮೇಲೆ ಹೋಗುವಂತೆ ನಾನು ತಿರುಗಿಸುವುದು, ಗೆರೆಯಿಂದ ಎರಡು ಮೊಳ ಒಳಗೆ ಇಟ್ಟ ಕುಂಬಳಕಾಯಿ ಉಳಿಯುತ್ತದೋ ಇಲ್ಲವೋ ಮಕ್ಕಳು ಹೇಳುವುದು. ಅದು ಅವರ ಲೆಕ್ಕಾಚಾರ.

ಮೊದಲ ಪಾಠದ ದಿನವೇ ಸಕ್ಕರೆ ಕಾರ್ಖಾನೆಯ ಮುಂದಿನ ಚಹಾದ ಅಂಗಡಿಯಲ್ಲಿ ಸುದ್ದಿ ಹಬ್ಬಿತ್ತು. ಸಾಲಿನಲ್ಲಿ ನಿಂತ ಡ್ರೈವರ್‌ಗಳು ನಾಲ್ಕು ಮಂದಿ ಅಲ್ಲಿ ಕುಳಿತಿದ್ದರು.

"ಬರ್ರಿ ಮಾಸ್ತರ. ಇವತ್ತ ಹಾಜರಿ ಆತೇನ್ರಿ?"

"ಅಕ್ಕೋರು ಕಿವಿ ಹಿಂಡಿದ್ರೋ, ಬೆಂಚಿನ ಮ್ಯಾಲೆ ನಿಂದ್ರಿಸಿದ್ರೋ?"

"ಬಿಡ್ರೋ, ಬಿಸಿ ಊಟಕ್ಕ ಹೋಗ್ಯಾನ ಅಂವ."

ನಾನೂ ನಕ್ಕೆ. ಆದರೆ ಒಳಗೆ ಚುಚ್ಚಿತ್ತು. ಮರುದಿನ ಬೆಳಿಗ್ಗೆ ಅದೇ ಅಂಗಡಿಯಲ್ಲಿ, ತುಂಬಿದ ಟ್ರ್ಯಾಕ್ಟರ್ ಹೊರಗೆ ನಿಲ್ಲಿಸಿ ಕುಳಿತಿದ್ದಾಗ ಅಕ್ಕೋರ ಫೋನ್ ಬಂತು. ಆ ನಾಲ್ಕೂ ಮಂದಿ ನನ್ನ ಮುಖ ನೋಡುತ್ತಿದ್ದರು.

"ಹಿಂದಿನ ಟ್ರೇಲರಿನ ಎಕ್ಸಲ್ ಕಟ್ಟಾಗೈತ್ರಿ ಅಕ್ಕೋರ. ಎರಡ ಮೂರ ದಿನ ಆಗತೈತಿ" ಅಂದೆ. ಅಂಗಡಿಯಲ್ಲಿ ನಗೆ ಎದ್ದಿತು. ಅಕ್ಕೋರಿಗೆ ಅದು ಕೇಳಿಸಲಿಲ್ಲವೆಂದು ಕಾಣುತ್ತದೆ.

"ನಿನಗೇನೂ ಪೆಟ್ಟ ಹತ್ತಿಲ್ಲಲ್ಲ ತಮ್ಮಾ?" ಎಂದು ಕೇಳಿದರು. "ಇರಲಿ, ದುರಸ್ತಿ ಆದ ಮ್ಯಾಲೆ ಬಾ. ಕುಂಬಳಕಾಯಿ ಎಲ್ಲೀ ಹೋಗೂದಿಲ್ಲ."

ಅದಾದ ಮೂರನೇ ದಿನ, ಶಾಲೆ ಬಿಟ್ಟ ಹೊತ್ತಿಗೆ, ಕಾಲುವೆಯ ತಿರುವಿನಲ್ಲಿ ಆ ಹುಡುಗಿ ಬೇರೆ ಊರಿನವನ ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿಗೆ ಸಿಕ್ಕಳು.

ನನ್ನ ಗಾಡಿ ಸ್ವಲ್ಪ ಹಿಂದೆ ಇತ್ತು. ಇಳಿದು ಓಡಿದೆ. ಆ ಡ್ರೈವರ್ ರಸ್ತೆಯ ಮೇಲೆ ಕುಳಿತುಬಿಟ್ಟಿದ್ದ. "ಆಕಿ ಓಡಲಿಲ್ರಿ. ಜಗ್ಗಲಿಲ್ರಿ. ಸುಮ್ನ ಬಾಜೂಕ ನಿಂತಿದ್ಳು. ಇಂಜಿನ್ ದಾಟಿ ಹೋತು, ಮುಂದಿನ ಟ್ರೇಲರ್ ದಾಟಿ ಹೋತು" ಎಂದು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ. ಬಿದ್ದ ಕಬ್ಬಿನ ತುಂಡು ಆರಿಸಲು ಹಿಂದೆ ಉಳಿದಿದ್ದ ಅವಳ ತಮ್ಮ, ಒಂದನೇ ತರಗತಿಯವನು, ಬೇವಿನ ಗಿಡಕ್ಕೆ ಆತು ನಿಂತಿದ್ದ. ಅಕ್ಕ ಏನು ಹೇಳಿದಳೆಂದು ಯಾರೋ ಕೇಳಿದರು. "ಹಿಂದ ಓಡಬ್ಯಾಡ, ಯಾಕಂದ್ರ ಕಾಕಾಗ ಕಾಣೂದಿಲ್ಲ, ಬಾಜೂಕ ಬಾ ಅಂದ್ಳು" ಅಂದ.

ಹುಡುಗಿಯ ಮಣ್ಣು ಮುಗಿಸಿ ಬಂದವನು ಶಾಲೆಗೆ ಹೋದೆ. ಅಕ್ಕೋರು ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದರು. ತೆರೆದ ಬಾಗಿಲಿನ ಹಿಂದೆ ಕುಂಬಳಕಾಯಿ ಇತ್ತು, ಅದರ ಪಕ್ಕದಲ್ಲಿ ಸುಣ್ಣದ ಪುಡಿಯ ಚೀಲ.

"ಅರ್ಧಾ ಹೇಳಿದ್ನ್ಯೋ ತಮ್ಮಾ" ಅಂದರು. "ಏನೂ ಹೇಳದ ಇದ್ದಿದ್ರ ಆ ಕೂಸು ಅಂಜಿ ಮನಿ ಕಡೆ ಓಡತಿತ್ತು. ನನ್ನ ಮಾತ ನಂಬಿ ನಿಂತ್ಳು. ನಿನ್ನ ಗಾಡಿ ಕೆಟ್ಟಿದ್ರೇನಾತು, ಬೆಂಕಿಪೊಟ್ಟಣಕ್ಕ ದಾರಾ ಕಟ್ಟಿ ಎಳದ ತೋರಿಸಬಹುದಿತ್ತು. ನನಗ ಯಾಕ ಹೊಳೀಲಿಲ್ಲ ಅದು?"

ಅವರು ನಿಜವಾಗಿಯೂ ಉತ್ತರ ಬೇಕೆಂದು ಕೇಳುತ್ತಿದ್ದರು, ಮಕ್ಕಳನ್ನು ಕೇಳುವ ಹಾಗೆಯೇ. ನನ್ನ ಬಾಯಲ್ಲಿ ಉತ್ತರವಿತ್ತು. ಹೇಳಲಿಲ್ಲ. ಬಾಜೂಕ ನಿಂತರೆ ಏನೂ ಆಗುವುದಿಲ್ಲ ಎಂದವನು ನಾನು, ಅವರಲ್ಲ. ಅದನ್ನೂ ಹೇಳಲಿಲ್ಲ.

ಹದಿನೈದು ದಿನದ ಮೇಲೆ ಎರಡನೇ ಪಾಠ ನಡೆಯಿತು. ಸುಣ್ಣದ ಗೆರೆಯ ಮೇಲೆ ನಾನೇ ಗಾಡಿ ತಿರುಗಿಸಿದೆ. ಇಳಿದು ನೋಡಿದರೆ ಕುಂಬಳಕಾಯಿ ಅಪ್ಪಚ್ಚಿಯಾಗಿ ನೆಲಕ್ಕೆ ಹತ್ತಿಕೊಂಡಿತ್ತು. ಸೀಟಿನ ಮೇಲೆ ಕುಳಿತ ನನಗೆ ಒಂದು ಅಲುಗಾಟವೂ ಗೊತ್ತಾಗಿರಲಿಲ್ಲ. ಅಂದು ಗೋಡೆಯ ಮೇಲೆ ಹೊಸ ಸಾಲು ಬರೆಯುವಾಗ ಅಕ್ಕೋರ ಕೈ ಎರಡು ಸಲ ನಿಂತಿತು.

ಆಮೇಲೆ ಅವರು ನಿವೃತ್ತರಾಗುವ ತನಕ, ಪ್ರತಿ ಹಂಗಾಮಿಗೆ, ಕರೆಯುವ ಮೊದಲೇ ನಾನು ಟ್ರ್ಯಾಕ್ಟರ್ ತಂದು ಶಾಲೆಯ ಮುಂದೆ ನಿಲ್ಲಿಸುತ್ತಿದ್ದೆ. ಎರಡೂ ದಿನ. ಊರವರು ಮೆಚ್ಚಿದರು. ಅಕ್ಕೋರೂ ಮೆಚ್ಚಿದರು. ಆ ಮೆಚ್ಚುಗೆಯನ್ನೂ ನಾನು ಸುಮ್ಮನೆ ತೆಗೆದುಕೊಂಡೆ.

ಹೋದ ವರ್ಷ ಅವರು ಗೋಕಾಕದಲ್ಲಿ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆಂದು ತಿಳಿಯಿತು. ಈ ಸಲ ಹೇಳಿಯೇ ಬರಬೇಕೆಂದು ಬಸ್ ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅಕ್ಕೋರು ತುಂಬ ಸಣ್ಣಗಾಗಿದ್ದರು. ನನ್ನ ಗುರುತು ಹಿಡಿದು, ಮೊಂಡು ಬೆರಳಿನಿಂದ ತೋರಿಸಿ ಮಗಳಿಗೆ ಹೇಳಿದರು. "ಇಂವ ನೋಡವಾ ಆ ಟ್ರ್ಯಾಕ್ಟರ್ ತಮ್ಮ. ಎಷ್ಟ ಮಂದೀನ ಕೇಳಿದ್ನಿ, ಇಂವ ಒಬ್ಬನ ಬಂದಾಂವ. ಎಕ್ಸಲ್ ಒಂದ ಕಟ್ಟಾಗದ ಇದ್ದಿದ್ರ..."

ಅವರ ಕಣ್ಣಲ್ಲಿ ನೀರು ಬಂತು. ಮಗಳು ಚಹಾ ತಂದುಕೊಟ್ಟಳು. ಕುಡಿದೆ. ಅಕ್ಕೋರ ಪಾದ ಮುಟ್ಟಿ ಎದ್ದು ಬಂದೆ.

ಎಂಟು ದಿನಕ್ಕೆ ತೀರಿಕೊಂಡರು. ಖಬರಸ್ತಾನಕ್ಕೆ ಅವರು ಕಲಿಸಿದವರು ಬಹಳ ಮಂದಿ ಬಂದಿದ್ದರು. ಆ ಹುಡುಗಿಯ ತಮ್ಮನೂ ಬಂದಿದ್ದ, ಮೀಸೆ ಬಂದಿದೆ ಈಗ ಅವನಿಗೆ. ಅವನ ಹಿಂದೆ ನಿಂತು ನಾನೂ ಮೂರು ಹಿಡಿ ಮಣ್ಣು ಹಾಕಿದೆ.

ಯಾವುದಕ್ಕೂ ಕಾರಣ ಕೇಳದೆ ಬಿಡದ ಅಕ್ಕೋರು ಇದೊಂದಕ್ಕೆ ಮಾತ್ರ ತಪ್ಪು ಕಾರಣ ನಂಬಿಕೊಂಡು, ತಮ್ಮನ್ನೇ ಬೈದುಕೊಳ್ಳುತ್ತ ಮಣ್ಣಿಗೆ ಹೋದರು. ಅದನ್ನು ಸರಿಮಾಡುವ ಮನುಷ್ಯ ನಾನೊಬ್ಬನೇ ಇದ್ದೆ. ಈಗ ಬರೆಯುತ್ತಿದ್ದೇನೆ, ಅವರಿಗೆ ಮುಟ್ಟುವುದಿಲ್ಲವೆಂದು ಗೊತ್ತಿದ್ದೂ.

ಅಕ್ಕೋರ, ಎಕ್ಸಲ್ ಕಟ್ಟಾಗಿರಲಿಲ್ಲ. ಆ ದಿನ ನಾನು ಬರಲಿಲ್ಲ, ಯಾಕಂದ್ರ ಚಹಾದ ಅಂಗಡಿಯಲ್ಲಿ ನಾಲ್ಕು ಮಂದಿ ನಕ್ಕಿದ್ದರು.