ಹಾಲನ್ ಬಾರಿಸಿದ ಬೊಂಗೊ

ನಂಜನಾಡಿನ ಹಾಲನ್‌ಗೆ ಉದಕಮಂಡಲದ ಒಂದು ಹೋಟೆಲಿನಲ್ಲಿ ಅಗ್ಗಿಷ್ಟಿಕೆಗಳಿಗೆ ಬೆಂಕಿ ಹಾಕುವ ಕೆಲಸವಿತ್ತು. ಮಾತು ಕಡಿಮೆ. ಬೆರಳುಗಳು ಮಾತ್ರ ಸುಮ್ಮನಿರುತ್ತಿರಲಿಲ್ಲ. ಸೌದೆ, ಬಕೆಟ್ಟು, ಎದುರಿಗಿದ್ದವರ ಬೆನ್ನು, ಏನು ಸಿಕ್ಕಿದರೂ ತಟ್ಟುತ್ತಿದ್ದವು. ಆದರೆ ಅವನು ನೀಲಗಿರಿಯ ಬಡಗ. ಅವನ ಹಟ್ಟಿಯಲ್ಲಿ ವಾದ್ಯ ಬಾರಿಸುವವರು ಬೆಟ್ಟದ ಇನ್ನೊಂದು ಕುಲದ ಕೋತರು, ಕುಣಿಯುವವರು ಬಡಗರು. ಕಟ್ಟು ಮೀರಿದವನನ್ನು ಊಟದ ಪಂಕ್ತಿಯಲ್ಲಿ ಕೂರಿಸುವುದಿಲ್ಲವೆಂದು ಹಟ್ಟಿಯ ಮುಖಂಡ ದೇವಗೌಡರು ಹೇಳಿಯೇ ಇದ್ದರು.

೧೯೩೪ರ ಬೇಸಿಗೆಯಲ್ಲಿ ಮುಂಬಯಿಯಿಂದ ಗೋವೆಯವರ ಬ್ಯಾಂಡ್ ಬಂತು. ಆ ವರ್ಷ ದೊರೆಗಳಿಗೆ ರುಂಬಾ ಕುಣಿತದ ಹುಚ್ಚು. ಪಿಟೀಲು, ತುತ್ತೂರಿಗಳೆಲ್ಲ ಇದ್ದರೂ ರುಂಬಾ ನಿಂತದ್ದು ಕ್ಯೂಬಾದ ಬಡವರ ಸಾಮಾನಿನ ಮೇಲೆ: ಬೀಜ ತುಂಬಿದ ಒಣ ಬುರುಡೆಯ ಮರಾಕಾ, ಒಂದಕ್ಕೊಂದು ಬಡಿಯುವ ಎರಡು ಕೋಲು, ಮೊಣಕಾಲುಗಳ ನಡುವೆ ಹಿಡಿದು ನುಡಿಸುವ ಪುಟ್ಟ ಜೋಡಿ ಡೋಲು ಬೊಂಗೊ. ಕೋಲು ದಾರಿ ಹಾಕುತ್ತದೆ. ಬೊಂಗೊ ಆ ದಾರಿಯಲ್ಲಿ ತುಂಟತನ ಮಾಡುತ್ತ ಹೋಗುತ್ತದೆ.

ಮಂಜಿಗೆ ಬೊಂಗೊದ ಚರ್ಮ ಹಸಿ ಹಪ್ಪಳದಂತಾಯಿತು. ನುಡಿಸುವ ಗೋಮ್ಸ್ ತಲೆಯ ಮೇಲೆ ಕೈ ಹೊತ್ತು ಕುಳಿತ. ಕೋತರು ತಮ್ಮ ವಾದ್ಯ ಕಾಸುವುದನ್ನು ಹಾಲನ್ ಹುಟ್ಟಿದಾಗಿನಿಂದ ಕಂಡವನು. "ಇತ್ಲಾಗೆ ಕೊಡಿ ಸಾರ್" ಎಂದು ಕೆಂಡಕ್ಕೆ ಹಿಡಿದು ಬಿಗಿ ಮಾಡಿಕೊಟ್ಟ. ದಿನವೂ ಕಾಸಿದ, ಬಿಗಿ ನೋಡುವ ನೆಪದಲ್ಲಿ ದಿನವೂ ತಟ್ಟಿದ. ತಿಂಗಳಲ್ಲಿ ರುಂಬಾ ಬೆರಳಿಗೆ ಹತ್ತಿತು.

ಒಂದು ಶನಿವಾರ ಮಧ್ಯಾಹ್ನದ ಕುಣಿತಕ್ಕೆ ಮೊದಲು ಗೋಮ್ಸ್‌ಗೆ ಜ್ವರ ಬಂತು. ಬ್ಯಾಂಡ್ ಮೇಸ್ತ್ರಿ ಹಾಲನ್‌ನನ್ನು ಕರೆದ.

"ಹಟ್ಟಿಗೆ ಗೊತ್ತಾದ್ರೆ ನನ್ನ ಬಿಡೋದಿಲ್ಲ, ಸಾರ್."

"ಆ ಗಿಡದ ಕುಂಡದ ಹಿಂದೆ ಕೂರು. ಯಾರು ನೋಡ್ತಾರೆ?"

ಕೂತ. ಹೆದರಿಕೆಗೆ ರುಂಬಾ ಮರೆತುಹೋಯಿತು. ಬೆರಳು ತಾನಾಗಿ ಹಿಡಿದದ್ದು ಹಟ್ಟಿಯಲ್ಲಿ ಹೆಣದ ಸುತ್ತ ಕುಣಿಯುವಾಗ ಚಿಕ್ಕಂದಿನಿಂದ ಕೇಳಿದ ಸಾವಿನ ಕುಣಿತದ ಹೊಡೆತವನ್ನು. ದೊರೆಸಾನಿಯರು ಎಂದೂ ಇಲ್ಲದಂತೆ ಕುಣಿದರು. ಅದನ್ನೇ ಮತ್ತೊಮ್ಮೆ ಕೇಳಿದರು.

ಅಡುಗೆಮನೆಯ ಬಾಗಿಲಲ್ಲಿ ನಂಜನಾಡಿನವರು ಆಲೂಗಡ್ಡೆ ಇಳಿಸುತ್ತಿದ್ದರು, ಗೌಡರೂ ಇದ್ದರು. ಹೊಡೆತ ಕೇಳಿ ಮೂಟೆ ಕೆಳಗಿಟ್ಟು, ರುಮಾಲು ತೆಗೆದು, ಎಲ್ಲರೂ ಒಳಗೆ ಬಂದರು.

"ದಾರ ಹೋದದು?" ಎಂದು ಗೌಡರು ಬಟ್ಲರ್ ಕೃಷ್ಣನ್‌ನನ್ನು ಕೇಳಿದರು.

"ಯಾರೂ ಸತ್ತಿಲ್ಲ ಗೌಡ್ರೇ, ಕುಣೀತಾ ಇದಾರಲ್ಲ."

"ಅದೇ ಕೇಳ್ದೆ. ದಾರ ಸಾವಿಗೆ ಕುಣೀತಾರೆ?"

ಅಷ್ಟರಲ್ಲಿ ಕುಂಡದ ಹಿಂದಿನ ತಲೆ ಕಂಡಿತು.

ಮರುದಿನ ಬೆಳಿಗ್ಗೆ ಹಟ್ಟಿ ಸೇರಿತು. "ಹೆಣ ಇಲ್ಲದೆ ಸಾವಿನ ಹೊಡೆತ ಬಿಟ್ಟಿದ್ದಿ. ಅದು ಇನ್ನು ಹೆಣ ಹುಡುಕ್ತದೆ. ನೀನೇ ಮಲಗು" ಎಂದರು ಗೌಡರು. ಅಂಥ ಪದ್ಧತಿ ಹಿಂದೆ ಇರಲಿಲ್ಲ. ಅದನ್ನು ಅವರು ಅಂದೇ ಹುಟ್ಟುಹಾಕಿದರು. ಹಾಲನ್ ಮಂಚದ ಮೇಲೆ ಮಲಗಿದ. ಕೋತರು ಬಂದು ಬಾರಿಸಿದರು, ಹಟ್ಟಿ ಸುತ್ತ ಕುಣಿಯಿತು. ಹೆಂಡತಿ ಚಿನ್ನಮ್ಮಾಳ್ ಬಂದು ಅಳಬೇಕೆಂದು ಹೇಳಿಕಳಿಸಿದರು. "ಇವತ್ತು ಕಳೆ ಕೀಳೋದಿದೆ, ಅಳೋಕೆ ನಾಳೆ ಬರ್ತೀನಿ" ಎಂದು ಉತ್ತರ ಬಂತು.

ಮಧ್ಯಾಹ್ನ ಎದ್ದು ಕೂತವನಿಗೆ ಗೌಡರು, "ಇನ್ನು ಬಾರಿಸೋ ಹಾಗಿಲ್ಲ" ಎಂದರು.

"ಆ ಕಟ್ಟು ಬದುಕಿರೋರಿಗೆ ತಾನೇ, ಗೌಡ್ರೇ? ನನ್ನ ಸಾವು ಆಗೋಯ್ತಲ್ಲ."

ಮೊದಲು ನಕ್ಕವರು ಕೋತರು. ಸತ್ತವನನ್ನು ಪಂಕ್ತಿಯಿಂದ ಎಬ್ಬಿಸಬೇಕೆಂಬ ಕಟ್ಟಳೆ ಯಾವುದೂ ಗೌಡರಿಗೆ ನೆನಪಾಗಲಿಲ್ಲ. ಹಾಲನ್ ಎಲ್ಲರ ಜೊತೆ ಕೂತು ತನ್ನ ತಿಥಿಯ ಊಟ ಮುಗಿಸಿದ, ಕೈ ತೊಳೆದ, ಉದಕಮಂಡಲದ ದಾರಿ ಹಿಡಿದ. ಗೋಮ್ಸ್‌ಗೆ ಇನ್ನೂ ಜ್ವರ ಬಿಟ್ಟಿರಲಿಲ್ಲ.