ನಾನು ಕೊಟ್ಟ ಕಬ್ಬಿಣ

ಮೊದಲು ಬಂದದ್ದು ನಡುಕ. ಕೆ.ಆರ್. ಪುರಂನ ಆಫೀಸಿನಿಂದ ಬಂದ ನಮ್ಮ ಮನೆಯವರು ಚಪ್ಪಲಿಯನ್ನೂ ಬಿಡದೆ ಕುಸಿದು ಕೂತು, "ಸುಮಾ, ಫ್ಯಾನ್ ಆಫ್ ಮಾಡು" ಎಂದರು. ಫ್ಯಾನ್ ಹಾಕಿರಲೇ ಇಲ್ಲ.

ಮೂರನೆಯ ದಿನ ಆಸ್ಪತ್ರೆ. ಲಿವರ್‌ನಲ್ಲಿ ಕೀವು, ರಕ್ತಕ್ಕೂ ಇನ್‌ಫೆಕ್ಷನ್. ಸೂಜಿ ಹಾಕಿ ಕೀವು ತೆಗೆದರು. ರಿಪೋರ್ಟಿನಲ್ಲಿ ನನಗೆ ಅರ್ಥವಾದದ್ದು ಒಂದೇ: ಹೀಮೋಗ್ಲೋಬಿನ್ ಎಂಟು. ಬಸುರಿಯಾಗಿದ್ದಾಗ ನನಗೂ ಎಂಟೇ ಇತ್ತು, ಐರನ್ ಮಾತ್ರೆ ನುಂಗಿ ಸರಿಹೋಗಿತ್ತು. ಇವರಿಗೆ ಡಾಕ್ಟರ್ ಅದನ್ನು ಬರೆದಿರಲಿಲ್ಲ. ಮರೆತಿರಬೇಕು ಎಂದುಕೊಂಡೆ. ದೊಡ್ಡ ಬುದ್ಧಿವಂತೆ ನಾನು! ರಾಮಮೂರ್ತಿ ನಗರದ ಮನೆಯಲ್ಲಿ ಉಳಿದಿದ್ದ ಸ್ಟ್ರಿಪ್ ತಂದು, ಸಿಸ್ಟರ್ ಆಚೆ ಹೋದಾಗ, ದಿನಕ್ಕೆರಡು ಮಾತ್ರೆ, ಮೈಗೆ ಚೆನ್ನಾಗಿ ಹತ್ತಲಿ ಎಂದು ನಿಂಬೆ ಪಾನಕದ ಜೊತೆ ಕೊಟ್ಟೆ. ಏನು ಕೊಟ್ಟರೂ ಬಾಯಿ ತೆರೆಯುವ ಸ್ಥಿತಿ ಅವರದು.

ಇಳಿದಿದ್ದ ಜ್ವರ ಮತ್ತೆ ಏರಿತು.

ಆಮೇಲೆ ಮಲ ಕಪ್ಪಗೆ ಹೋಯಿತು. ಒಳಗೆಲ್ಲೋ ರಕ್ತ ಸೋರುತ್ತಿರಬಹುದೆಂದು ಡಾಕ್ಟರ್ ಎಂಡೋಸ್ಕೋಪಿಗೆ ನನ್ನ ಸಹಿ ಕೇಳಿದರು. ಪೆನ್ನು ಹಿಡಿದಾಗ ನೆನಪಾಯಿತು, ಆ ಮಾತ್ರೆ ತಿನ್ನುವಾಗ ನನಗೂ ಹೀಗೇ ಆಗುತ್ತಿತ್ತು. ಬ್ಯಾಗಿನಿಂದ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟೆ.

ಡಾಕ್ಟರ್ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಬ್ಯಾಕ್ಟೀರಿಯಾ ಬೆಳೆಯೋಕೆ ಕಬ್ಬಿಣ ಬೇಕಮ್ಮ. ಅದಕ್ಕೇ ಇನ್‌ಫೆಕ್ಷನ್ ಆದಾಗ ದೇಹ ಅದನ್ನ ಬಚ್ಚಿಡುತ್ತೆ. ಸಿಗದಿದ್ರೆ ಎಳ್ಕೊಳ್ಳೋಕೆ ಅವು ಕೊಕ್ಕೆ ಥರದ್ದೊಂದು ತಯಾರು ಮಾಡ್ತವೆ. ಸಾಕಾದ್ರೆ ನಿಲ್ಲಿಸ್ತವೆ. ಜಾಸ್ತಿಯಾದ್ರೆ ಅವಕ್ಕೂ ವಿಷ."

"ಜ್ವರ ಏರಿದ್ದು ನನ್ನಿಂದಾನಾ ಡಾಕ್ಟ್ರೇ?"

"ಹಾಗೆ ಹೇಳೋಕಾಗಲ್ಲ. ಕೀವು ಇನ್ನೂ ಉಳಿದಿದೆ, ಅದ್ರಿಂದಾನೂ ಇರ್ಬಹುದು."

ಅಲ್ಲ ಎನ್ನಲಿಲ್ಲ.

ಎಂಡೋಸ್ಕೋಪಿ ಸದ್ಯಕ್ಕೆ ಬೇಡವೆಂದರು. ಮಾತ್ರೆ ನಿಲ್ಲಿಸಿದರು, ಟ್ಯೂಬ್ ಹಾಕಿ ಉಳಿದ ಕೀವು ತೆಗೆದರು, ಆಂಟಿಬಯಾಟಿಕ್ ಬದಲಿಸಿದರು. ಮೂರು ವಾರಕ್ಕೆ ಮನೆಗೆ ಬಂದೆವು. ಬದುಕಿ ಬಂದರಲ್ಲ, ಅಷ್ಟು ಸಾಕು ಎಂದು ಎಲ್ಲರಿಗೂ ಹೇಳುತ್ತೇನೆ. ಆದರೆ ಕಣ್ಣಿಗೆ ಕಾಣದ ಹುಳುವಿಗೂ ಎಷ್ಟು ಸಾಕು ಎನ್ನುವುದು ಗೊತ್ತು, ನನಗೆ ಗೊತ್ತಿರಲಿಲ್ಲ. ನಿಂಬೆಹಣ್ಣು ಹಿಂಡುವಾಗೆಲ್ಲ, ಅವರ ದೇಹ ಬಚ್ಚಿಟ್ಟದ್ದನ್ನು ನಾನೇ ಕರೆದು ಬಡಿಸಿದೆ ಎನಿಸಿ ಭಯವಾಗುತ್ತದೆ.

ಮೊನ್ನೆ ಚೆಕಪ್‌ನಲ್ಲಿ ಇನ್‌ಫೆಕ್ಷನ್ ಪೂರ್ತಿ ಹೋಗಿದೆ ಎಂದು ಹೇಳಿ ಡಾಕ್ಟರೇ ಚೀಟಿ ಬರೆದರು. ಐರನ್ ಮಾತ್ರೆ, ದಿನಕ್ಕೊಂದು.

ಅದೇ ಕೆಂಪು ಮಾತ್ರೆ. ಸ್ಟ್ರಿಪ್ ಅವರ ಮುಂದಿಟ್ಟು, "ನೀವೇ ತಗೊಳ್ರೀ" ಎಂದೆ. ನಡೆದದ್ದೆಲ್ಲ ಅವರಿಗೆ ಹೇಳಿದ್ದೇನೆ. ಅವರು ಅದನ್ನು ನನ್ನ ಕಡೆಗೇ ತಳ್ಳಿದರು.

"ನೀನೇ ಕೊಡು."

ಕೊಟ್ಟೆ. ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಅರ್ಧ ಗಂಟೆ ಬಿಟ್ಟು ಮತ್ತೆ ಮುಟ್ಟಿದೆ.