ಅರಮನೆಯ ದೇವಿಗೆ ಹೂ ಇಟ್ಟದ್ದು

ಅಪ್ಪ ಸತ್ತ ವರ್ಷ ನನಗೆ ಹನ್ನೆರಡು. ಬಂದವರೆಲ್ಲ ಬೆನ್ನು ಸವರಿ ಅತ್ತುಬಿಡು ಅಂದರು. ನಾನು ಅವರ ಬಳೆ ನೋಡುತ್ತ ಕೂತಿದ್ದೆ. ಐವತ್ತರ ದಶಕದ ಕೊನೆ, ಊರಿನ ಹೆಸರು ಇನ್ನೂ ಮದ್ರಾಸು. ಅಪ್ಪ ಮೈಲಾಪೂರಿನಲ್ಲಿ, ನಮ್ಮ ಕುಂದಾಪುರದ ಕಡೆಯವರ ಹೋಟೆಲಿನಲ್ಲಿ ಅಡುಗೆಯವರಾಗಿದ್ದರು.

ಸೋದರಮಾವನ ಕಾಗದ ಬಂತು. ಇಬ್ಬರೂ ಊರಿಗೆ ಬನ್ನಿ, ಹುಡುಗಿಗೆ ಓದಿದ್ದು ಸಾಕು, ಮನೆಗೆಲಸ ಕಲಿಯಲಿ ಎಂದು ಬರೆದಿದ್ದರು. ಇತ್ತ ಹೋಟೆಲಿನ ಧಣಿ, ಅಮ್ಮ ಹಪ್ಪಳ ಒತ್ತಿಕೊಡುವುದಾದರೆ ನಾವಿದ್ದ ಹಿಂದಿನ ಕೋಣೆ ಬಿಡಬೇಕಾಗಿಲ್ಲ ಅಂದಿದ್ದರು. ಅಮ್ಮ ಹೂ ಕೇಳದೆ ಏನನ್ನೂ ಮಾಡಿದವಳಲ್ಲ. ದೇವರ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸಿ ಕಾಯುವುದು. ಬಲದ್ದು ಮೊದಲು ಬಿದ್ದರೆ ಅಪ್ಪಣೆ, ಎಡದ್ದಾದರೆ ಬೇಡ. ಬಲವೆಂದರೆ ದೇವರ ಬಲ, ಎದುರು ನಿಂತ ನಮಗೆ ಅದು ಎಡ. ನಮ್ಮ ಕಡೆ ಮಕ್ಕಳಿಗೂ ಇದು ಗೊತ್ತು. ಆದರೆ ವರ್ಷಾಂತಿಕ ಮುಗಿಯುವವರೆಗೆ ದೇವಸ್ಥಾನದ ಮೆಟ್ಟಿಲು ಹತ್ತುವಂತಿರಲಿಲ್ಲ. ಮಾವ ಅಷ್ಟು ಕಾಯುವವರಲ್ಲ.

ಅದಕ್ಕೆ ಅಮ್ಮ ಮ್ಯೂಸಿಯಮ್ಮಿನ ದಾರಿ ಹಿಡಿದಳು. "ಅಲ್ಲಿನ ದೇವ್ರಿಗೆ ಪೂಜಿ ಇಲ್ಲೆ. ಸೂತ್ಕ ತಾಗುದಿಲ್ಲೆ ಮಗಾ," ಅಂದಳು.

ಬಸ್ಸಿನಲ್ಲಿ ಹೋದೆವು. "ಸೆತ್ತ ಕಾಲೇಜ್!" ಎಂದು ಕಂಡಕ್ಟರ್ ಕೂಗಿದ. ಸತ್ತ ಪ್ರಾಣಿಗಳಿಗೆ ಹುಲ್ಲು ತುಂಬಿ ಇಟ್ಟಿದ್ದಾರೆಂದು ಜನ ಆ ಜಾಗವನ್ನು ಹಾಗೇ ಕರೆಯುತ್ತಿದ್ದರು. ಹಿಂದೆ ಅದು ಅರಮನೆಯಂತೆ. ದರ್ಬಾರು ನಡೆಯುತ್ತಿದ್ದ ಹಾಲಿನಲ್ಲಿ ಈಗ ಕಲ್ಲಿನ ದೇವರುಗಳು ರೇಷನ್ ಅಂಗಡಿಯ ಮುಂದಿನ ಹಾಗೆ ಸಾಲಾಗಿ ನಿಂತಿದ್ದವು, ಒಂದೊಂದರ ಕಾಲ ಬಳಿ ಒಂದು ನಂಬರು.

ಎಲ್ಲೂ ಮುಕ್ಕಾಗದ, ತನ್ನಷ್ಟೇ ಎತ್ತರದ ಒಬ್ಬ ದೇವಿಯನ್ನು ಅಮ್ಮ ಆರಿಸಿದಳು. ಒದ್ದೆ ಕರ್ಚೀಫಿನಿಂದ ಎರಡು ಮಲ್ಲಿಗೆ ತೆಗೆದು ಭುಜಗಳಿಗೆ ಅಂಟಿಸಿ, "ಇಲ್ಲೇ ಇಪ್ಪುದಾ ತಾಯೀ?" ಎಂದು ಕೈಮುಗಿದಳು. ಉಳಿದರೆ ನನಗೆ ಶಾಲೆ, ಹೋದರೆ ಮಾವನ ಮನೆಯ ದನದ ಹಟ್ಟಿ. ನನಗೆ ಎರಡೂ ಒಂದೇ ಆಗಿತ್ತು. ಕಿಟಕಿ ಎಣಿಸುತ್ತ ನಿಂತೆ.

ಹೂ ಬೀಳಲಿಲ್ಲ. ಕಾವಲಿನವನು ಬಂದ. "ಅಮ್ಮಾ, ಇಂಗೆ ಪೂ ವೈಕ್ಕ ಕೂಡಾದು!" ಇಲ್ಲಿ ಹೂ ಇಡಬಾರದೆಂದು ಗದರಿ, ಕೈಯಲ್ಲಿದ್ದ ಬಟ್ಟೆಯಿಂದ ತನ್ನ ಹತ್ತಿರದ ಹೂವನ್ನು ಕೊಡವಿದ, ಆಮೇಲೆ ಇನ್ನೊಂದನ್ನು. ಮೊದಲು ಬಿದ್ದದ್ದು ನಮ್ಮ ಬಲಗಡೆಯದು. ಅಂದರೆ ದೇವಿಯ ಎಡ, ಅಂದರೆ ಊರಿಗೆ ಹೊರಡಬೇಕು.

ಅಮ್ಮ ಬಗ್ಗಿ ಆ ಹೂವನ್ನು ಹೆಕ್ಕಿದಳು. ತಾನು ಮುಡಿಯುವಂತಿಲ್ಲ, ನನ್ನ ಜಡೆಗೆ ಸಿಕ್ಕಿಸಿದಳು. "ಬಲ ಆಯ್ತ್," ಅಂದಳು. ಪಾಪ, ಗಾಬರಿಯಲ್ಲಿ ತಪ್ಪಿದ್ದಾಳೆ ಅಂದುಕೊಂಡೆ, ತಿದ್ದಲಿಲ್ಲ.

ಮರುದಿನ ಮಾವನಿಗೆ ಕಾರ್ಡು ಬರೆಯಲು ಕೂರಿಸಿದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. "ದೇವ್ರ್ ಬಲ ಕೊಟ್ಟಿತ್, ನಾವ್ ಬಪ್ಪುದಿಲ್ಲೆ ಅಂದ್ ಬರಿ."

ನಾನು ಪೆನ್ನು ಎತ್ತಿದೆ. "ಅಮ್ಮಾ, ಬಿದ್ದದ್ದ್ ಎಡ."

"ಗೊತ್ತಿತ್ತ್," ಅಂದಳು, ಉದ್ದಿನ ಹಿಟ್ಟು ನಾದುವುದನ್ನು ನಿಲ್ಲಿಸದೆ. "ದೇವ್ರಿಗೆ ಸಿಟ್ಟ್ ಬಂದ್ರೆ ನನ್ ಮೇಲ್ ಬರ್ಲಿ. ನೀ ಶಾಲಿಗೆ ಹೋಯ್ಕ್. ಬಲ ಅಂದೇ ಬರಿ."

ಬರೆದೆ. ಅಮ್ಮ ಮುಂದೆ ಇಪ್ಪತ್ತು ವರ್ಷ ಅದೇ ಕೋಣೆಯಲ್ಲಿ ಹಪ್ಪಳ ಒತ್ತಿದಳು. ಯಾವ ದೇವರಲ್ಲೂ ಮತ್ತೆ ಹೂ ಕೇಳಲಿಲ್ಲ.